ನೀರಿನ ವರದಿಗೊಂದು ಭಾಷೆ

ಸೋಲಾಪುರದಲ್ಲಿ ನೀರು, ಮಣ್ಣು ಪರೀಕ್ಷೆ ಮಾಡುವ ಒಂದು ಸಣ್ಣ ಖಾಸಗಿ ಲ್ಯಾಬಿನಲ್ಲಿ ನಾನು ಒಂಬತ್ತು ವರ್ಷದಿಂದ ಕೆಲಸಕ್ಕಿದ್ದೇನೆ. ನೀರನ್ನು ಮುಟ್ಟುವವಳು ನಾನಲ್ಲ. ಹಳ್ಳಿಗಳಿಂದ ಬಾಟಲಿಗಳು ಬರುತ್ತವೆ, ಒಳಗಿನ ಕೋಣೆಯಲ್ಲಿ ಪರೀಕ್ಷೆ ನಡೆಯುತ್ತದೆ. ಬಂದ ಅಂಕಿಗಳನ್ನು ಕಂಪ್ಯೂಟರಿನ ಡೇಟಾಬೇಸಿಗೆ ತುಂಬುವುದು, ಶುಕ್ರವಾರಕ್ಕೊಮ್ಮೆ ಅದರಿಂದ ಊರಿಗೊಂದು ವರದಿ ತೆಗೆದು ಕಳಿಸುವುದು ನನ್ನ ಪಾಲಿನ ಕೆಲಸ. ವರದಿ ಎಂದರೆ ಒಂದೇ ಹಾಳೆ. ಮೇಲೆ ಊರಿನ ಹೆಸರು, ನೀರು ಬಾವಿಯದೋ ಬೋರಿನದೋ ಎಂಬ ವಿವರ. ನಡುವೆ ಅಂಕಿಗಳ ಪಟ್ಟಿ. ಕೆಳಗೆ ದಪ್ಪ ಅಕ್ಷರದಲ್ಲಿ ಮರಾಠಿಯ ಎರಡು ಶಬ್ದ: ‘ಪಿಣ್ಯಾಸ ಯೋಗ್ಯ’, ಕುಡಿಯಲು ಯೋಗ್ಯ ಎಂದು. ಇಲ್ಲದಿದ್ದರೆ ‘ಅಯೋಗ್ಯ’. ನಡುವಿನ ಪಟ್ಟಿಯನ್ನು ಊರಿನವರು ಯಾರೂ ಓದುವುದಿಲ್ಲ. ಕೆಳಗಿನ ಶಬ್ದ ನೋಡಿ ಹಾಳೆಯನ್ನು ಗೋಡೆಗೆ ಅಂಟಿಸುತ್ತಾರೆ.

ಈ ಹಾಳೆಗಳನ್ನು ತಯಾರಿಸುತ್ತಿದ್ದುದು ಒಂದು ಸ್ಕ್ರಿಪ್ಟ್. ಡೇಟಾಬೇಸಿನೊಳಗೆ ಹೋಗಿ ಅಂಕಿಗಳನ್ನು ತಂದು ಹಾಳೆಯ ಮೇಲೆ ಜೋಡಿಸುವ ಸಣ್ಣ ಪ್ರೋಗ್ರಾಂ. ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು ಅದನ್ನು ಪರ್ಲ್ ಎಂಬ ಭಾಷೆಯಲ್ಲಿ ಬರೆದು, ಪುಣೆಯಲ್ಲಿ ಬೇರೆ ನೌಕರಿ ಸಿಕ್ಕಿತೆಂದು ಹೊರಟುಹೋಗಿದ್ದರು. ಹೋಗುವ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಶುಕ್ರವಾರ ಇದರ ಮ್ಯಾಲ ಎರಡ ಸಲ ಒತ್ತರಿ, ಅಷ್ಟ. ಒಳಗ ಕೈ ಹಾಕಬ್ಯಾಡ್ರಿ,” ಎಂದಿದ್ದರು. ನಾನು ಹಾಕಲಿಲ್ಲ. ಒಂದು ಸಲ ತೆರೆದು ನೋಡಿದ್ದುಂಟು. ಅಕ್ಷರಗಳಿಗಿಂತ ಡಾಲರ್ ಗುರುತು, ಬ್ರಾಕೆಟ್ಟುಗಳೇ ಹೆಚ್ಚಿದ್ದವು. ಮುಚ್ಚಿಟ್ಟೆ.

ನಾನು ವಳಸಂಗದವಳು. ಏಳನೆಯವರೆಗೆ ಊರಿನ ಕನ್ನಡ ಶಾಲೆ, ಮುಂದೆ ಮರಾಠಿ, ಸೋಲಾಪುರದಲ್ಲಿ ಬಿ.ಕಾಂ. ಆಮೇಲೆ ಆರು ತಿಂಗಳ ಕಂಪ್ಯೂಟರ್ ಕ್ಲಾಸು. ಅಲ್ಲಿ ಡೇಟಾಬೇಸು, ಸ್ವಲ್ಪ ಪಿಎಚ್‌ಪಿ ಕಲಿಸಿದ್ದರು. ಇವತ್ತಿಗೂ ಬೆಳಿಗ್ಗೆ ಬಸ್ಸು ಹಿಡಿದು ಸೋಲಾಪುರಕ್ಕೆ ಬರುತ್ತೇನೆ, ಸಂಜೆ ಬಸ್ಸಿನಲ್ಲಿ ವಾಪಸು ಹೋಗುತ್ತೇನೆ. ನಮ್ಮ ಬಸ್ಸಿನಲ್ಲಿ ಅರ್ಧ ಜನ ಹೀಗೆ ದಿನಾ ಹೋಗಿ ಬರುವವರೇ.

ಹಳೆಯ ಕಂಪ್ಯೂಟರ್ ಬೇಸಿಗೆಯಲ್ಲಿ ಎರಡು ಸಲ ಬಿಸಿಯಾಗಿ ಆರಿಹೋದಾಗ ಲ್ಯಾಬಿನ ಮಾಲೀಕರು ಹೊಸದನ್ನು ತರಿಸಿದರು. ಅವರು ಸೋಲಾಪುರ ಪೇಟೆಯ ವ್ಯಾಪಾರಸ್ಥರ ಮನೆಯವರು. ಅಪ್ಪ, ಅಣ್ಣಂದಿರು ನೂಲಿನ ವ್ಯಾಪಾರದಲ್ಲಿದ್ದರೆ ಇವರೊಬ್ಬರು ರಸಾಯನಶಾಸ್ತ್ರ ಓದಿ ಲ್ಯಾಬು ಹಾಕಿದವರು. ನಾವು ಸಾಹೇಬರು ಎನ್ನುತ್ತೇವೆ. ಹೊಸ ಪೆಟ್ಟಿಗೆ ಬಂದ ದಿನ ನನ್ನನ್ನು ಕರೆದು, “ಹಳೇ ಪ್ರೋಗ್ರಾಂ ಇದರಾಗ ಯಾಕ ತುಂಬೂದು? ನಿಮಗೂ ತಿಳಿಯೂದಿಲ್ಲ, ನನಗೂ ತಿಳಿಯೂದಿಲ್ಲ. ಹೊಸಾದ ಬರೀರಿ. ಯಾವ ಭಾಷಾದಾಗ ಬರೀಬೇಕು ನೀವ ಠರಾಯಿಸ್ರಿ,” ಎಂದರು.

ಆ ಮಾತು ಕೇಳಿ ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು. ಒಂಬತ್ತು ವರ್ಷದಲ್ಲಿ ಯಾರೂ ನನಗೆ ಏನನ್ನೂ ಆರಿಸಲು ಬಿಟ್ಟಿರಲಿಲ್ಲ. ನಾನು ಮೊದಲು ನನ್ನ ಕ್ಲಾಸಿನ ಸರ್ ಅವರಿಗೆ ಫೋನ್ ಮಾಡಿದೆ. ಅವರು ಎರಡನೆಯ ಮಾತಿಲ್ಲದೆ ಪಿಎಚ್‌ಪಿ ಎಂದರು, ಕಲಿತದ್ದನ್ನು ಬಿಟ್ಟು ಹೊಸದಕ್ಕೆ ಹೋಗಬಾರದೆಂದು. ಎಂಜಿನಿಯರಿಂಗ್ ಓದುವ ನಮ್ಮ ಚಿಕ್ಕಪ್ಪನ ಮಗಳು, “ಪೈಥಾನ್ ತಗೋ ಅಕ್ಕಾ, ಈಗ ಎಲ್ಲಾರೂ ಅದನ್ನ ಕಲೀತಾರ,” ಎಂದಳು. ಪುಣೆಗೆ ಹೋದವರಿಗೂ ಕೇಳಿದೆ. ಅವರು ನಕ್ಕರು. “ಹನ್ನೊಂದ ವರ್ಷ ನಡದದ. ಯಾಕ ಬದಲಾಸ್ತೀರಿ? ಪರ್ಲ್ ಅಂಥಾ ಕೆಲಸಕ್ಕಂತನ ಹುಟ್ಟಿದ್ದದು.”

ಮೂರು ಜನ, ಮೂರು ಮಾತು. ಬಸ್ಸಿನಲ್ಲಿ ಕೂತು ಫೋನಿನಲ್ಲಿ ವಿಡಿಯೋ ನೋಡತೊಡಗಿದೆ. ಒಬ್ಬನು ಒಂದು ಭಾಷೆ ಬಹಳ ವೇಗ ಎನ್ನುತ್ತಿದ್ದ, ಇನ್ನೊಬ್ಬನು ಅದೇ ಭಾಷೆ ಸತ್ತುಹೋಗಿದೆ ಎನ್ನುತ್ತಿದ್ದ. ನನ್ನ ಕೆಲಸವೋ ವಾರಕ್ಕೆ ನಲವತ್ತು ಹಾಳೆ. ಎರಡು ಸೆಕೆಂಡಿನಲ್ಲಿ ಮುಗಿದರೇನು, ಇಪ್ಪತ್ತು ಸೆಕೆಂಡಿನಲ್ಲಿ ಮುಗಿದರೇನು, ಪ್ರಿಂಟರ್ ಅದಕ್ಕಿಂತ ನಿಧಾನ. ಮೂರು ವಾರ ಹೀಗೇ ಕಳೆಯಿತು. ಸಾಹೇಬರು ಕೇಳಿದಾಗಲೆಲ್ಲ “ನೋಡಾಕತ್ತೀನ್ರಿ” ಎನ್ನುತ್ತಿದ್ದೆ. ಹಳೆಯ ಸ್ಕ್ರಿಪ್ಟನ್ನು ಹೊಸ ಪೆಟ್ಟಿಗೆಗೆ ನಕಲು ಮಾಡಿ ಅದರಲ್ಲೇ ಶುಕ್ರವಾರ ಸಾಗಿಸುತ್ತಿದ್ದೆ.

ನಮ್ಮ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುವವರು ಒಬ್ಬ ಹಿರಿಯ ಹೆಂಗಸು. ನಿವೃತ್ತಿಗೆ ಮೂರು ವರ್ಷವಿದೆ. ಅಕ್ಕಲಕೋಟ ತಾಲ್ಲೂಕಿನ ಹಳ್ಳಿಯವರು, ಅವರ ಓಣಿಯಿಂದ ಬಿ.ಎಸ್ಸಿ. ಮಾಡಿದ ಮೊದಲ ಹುಡುಗಿ. ಮನೆಯಲ್ಲಿ ಕನ್ನಡ, ಬರೆಯುವುದು ಮರಾಠಿ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅವರ ಹತ್ತಿರ ಒಂದು ಉದ್ದನೆಯ ವಹಿ ಇದೆ. ಯಂತ್ರದಲ್ಲಿ ಬಂದ ಅಂಕಿ ಮೊದಲು ಆ ವಹಿಯಲ್ಲಿ ಇಳಿಯುತ್ತದೆ, ಆಮೇಲೆ ನನ್ನ ಮೇಜಿಗೆ ಬರುತ್ತದೆ.

ಒಂದು ಶುಕ್ರವಾರ ಬೆಳಿಗ್ಗೆ ಅಕ್ಕ ಯಾವುದೋ ಊರಿನ ಹಳೆಯ ಅಂಕಿ ಹುಡುಕಲು ನನ್ನ ಫೈಲು ತೆಗೆದರು. ಹಿಂದಿನ ಶುಕ್ರವಾರ ಕಳಿಸಿದ್ದ ಒಂದು ಹಾಳೆಯ ನಕಲು ಅವರ ಕೈಗೆ ಸಿಕ್ಕಿತು. ನಿಂತಲ್ಲೇ ಓದಿದರು. ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿ ಮತ್ತೆ ಓದಿದರು.

“ತಂಗಿ, ಈ ನೀರ ನಾ ತಪಾಸ ಮಾಡೇ ಇಲ್ಲ.”

“ಡೇಟಾಬೇಸಿನ್ಯಾಗ ಅದಲ್ರಿ ಅಕ್ಕಾ.”

“ಪಿಎಚ್, ಟಿಡಿಎಸ್ ಇರತಾವ. ಅವನ್ನ ಬಾವಿ ದಂಡಿ ಮ್ಯಾಲನ ಮೀಟರ್ ಹಿಡದು ತಗೋತಾರ. ಈ ನೈಟ್ರೇಟ್ ಎಲ್ಲಿಂದ ಬಂತು? ಬಾಟ್ಲಿ ದಾರಿಯೊಳಗ ಸೋರಿ ಖಾಲಿ ಬಂದಿತ್ತು.”

ಒಳಗೆ ಹೋಗಿ ವಹಿ ತಂದು ತೋರಿಸಿದರು. ಆ ಊರಿನ ಹೆಸರಿನ ಮುಂದೆ ಅವರ ಅಕ್ಷರದಲ್ಲಿ, ‘ಬಾಟಲಿ ಖಾಲಿ, ಮತ್ತೆ ತರಿಸುವುದು’ ಎಂದು ಮರಾಠಿಯಲ್ಲಿ ಬರೆದಿತ್ತು. ಹಾಳೆಯ ಮೇಲೆ ಮಾತ್ರ ನೈಟ್ರೇಟ್ ಮುಂದೆ 0.0 ಎಂದಿತ್ತು. ಕೆಳಗೆ ದಪ್ಪಗೆ ‘ಪಿಣ್ಯಾಸ ಯೋಗ್ಯ’.

“ನಮ್ಮ ಭಾಗದಾಗ ಬಾವಿ ನೀರಿನ್ಯಾಗ ಬಿಲಕುಲ್ ಸೊನ್ನಿ ನಾ ಎಂದೂ ನೋಡಿಲ್ಲ,” ಅಕ್ಕ ಅಂದರು. “ಸುತ್ತ ಕಬ್ಬು, ಗೊಬ್ಬರ. ಎಂಟೋ ಹತ್ತೋ ಬಂದೇ ಬರತದ.”

ನಾನು ಡೇಟಾಬೇಸು ತೆರೆದೆ. ಆ ಸಾಲಿನಲ್ಲಿ ನೈಟ್ರೇಟಿನ ಮನೆ ಖಾಲಿ ಇತ್ತು. ಸೊನ್ನೆ ಇರಲಿಲ್ಲ, ಏನೂ ಇರಲಿಲ್ಲ. ನಾನು ತುಂಬದೆ ಬಿಟ್ಟಿದ್ದು ಸರಿಯೇ ಇತ್ತು. ಆದರೆ ಸ್ಕ್ರಿಪ್ಟು ಆ ಖಾಲಿಯನ್ನು ತನ್ನಷ್ಟಕ್ಕೆ ಸೊನ್ನೆ ಎಂದು ಓದಿಕೊಂಡಿತ್ತು. ಸೊನ್ನೆ ನಲವತ್ತೈದಕ್ಕಿಂತ ಕಡಿಮೆ. ಲೀಟರಿಗೆ ನಲವತ್ತೈದು ಮಿಲಿಗ್ರಾಮಿನೊಳಗೆ ಇದ್ದರೆ ಯೋಗ್ಯ. ಯಾರನ್ನೂ ಕೇಳದೆ ಬರೆದುಬಿಟ್ಟಿತ್ತು.

ನೈಟ್ರೇಟ್ ಎಂದರೆ ಗೊಬ್ಬರದಿಂದ, ಕೊಟ್ಟಿಗೆಯಿಂದ, ಪಾಯಖಾನೆಯ ಗುಂಡಿಯಿಂದ ನೆಲದ ನೀರಿಗೆ ಇಳಿಯುವಂಥದು. ಬಣ್ಣವಿಲ್ಲ, ವಾಸನೆಯಿಲ್ಲ. ದೊಡ್ಡವರಿಗೆ ಕೂಡಲೇ ಏನೂ ಆಗುವುದಿಲ್ಲ. ಹಾಲುಪುಡಿ ಕಲಸಿ ಬಾಟಲಿಯಲ್ಲಿ ಕುಡಿಸುವ ಎಳೆಗೂಸುಗಳಿಗೆ ಅಪಾಯ. ಇದನ್ನು ನಾನು ಅಕ್ಕನ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೆ, ಕೇಳಿ ಟೈಪು ಮಾಡುತ್ತ ಕೂತಿದ್ದೆ. ಅವತ್ತು ಹಾಳೆ ಹಿಡಿದುಕೊಂಡು ಎದ್ದೆ.

ಸಾಹೇಬರಿಗೆ ಹೇಳಲು ನಾವಿಬ್ಬರೂ ಕೂಡಿಯೇ ಹೋದೆವು. ನಾನು ಹೇಳಿದೆ, ಅಕ್ಕ ವಹಿ ಹಿಡಿದು ನಿಂತಿದ್ದರು. ಸಾಹೇಬರು ಬಯ್ಯಲಿಲ್ಲ. ಹಾಳೆಯನ್ನು ವಹಿಯ ಜೊತೆ ಹೋಲಿಸಿ ನೋಡಿ, “ಗಾಡಿ ತಗೊಂಡ ಹೋಗ್ರಿ. ಮೊದಲ ಆ ಕಾಗದ ಕಿತಗೊಂಡ ಬರ್ರಿ, ಆಮ್ಯಾಲ ನೀರ ತರ್ರಿ,” ಎಂದರು.

ಊರು ಕುರನೂರದ ಆಚೆಗೆ. ಅಕ್ಕಲಕೋಟ ರಸ್ತೆ ಹಿಡಿದೆವು. ನಮ್ಮ ವಳಸಂಗದ ಮೇಲೆಯೇ ದಾರಿ. ಕೆಲಸದ ಹೊತ್ತಿನಲ್ಲಿ ನನ್ನ ಊರನ್ನು ದಾಟಿ ಹೋಗುವುದು ವಿಚಿತ್ರ ಅನಿಸಿತು. ಅಕ್ಕ ಕಾಲ ಬಳಿ ಐಸಿನ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಅಕ್ಕಲಕೋಟ ದಾಟಿದ ಮೇಲೆ ತಾವಾಗಿಯೇ ಮಾತು ತೆಗೆದರು.

“ನಾ ಸಣ್ಣಾಕಿ ಇದ್ದಾಗ ನಮ್ಮ ಓಣಿಗೆ ಬ್ಯಾರೇ ಬಾವಿ ಇತ್ತು. ಊರ ಬಾವಿಗೆ ನಾವು ಹೋಗಂಗಿದ್ದಿಲ್ಲ. ಒಂದ ಸಲ ಸರಕಾರದವರು ಬಂದು ಊರ ಬಾವಿ ನೀರ ಬಾಟ್ಲಿ ತುಂಬಕೊಂಡ ಹೋದರು. ನಮ್ಮ ಬಾವಿ ಕಡೆ ಯಾರೂ ಬರಲಿಲ್ಲ. ಆಯಿ ಕೇಳಿದಳು, ನಮ್ಮದು ಯಾವಾಗ ಅಂತ. ಮುಂದಿನ ಸಲ ಅಂದರು.”

“ಬಂದರೇನ್ರಿ?”

“ಇಲ್ಲ.” ಅಕ್ಕ ಕಿಟಕಿಯ ಆಚೆ ನೋಡಿದರು. “ಅದಕ್ಕ ನನಗ ಒಂದ ಬಾಟ್ಲಿ ತಪ್ಪಿದರೂ ಸಮಾಧಾನ ಆಗೂದಿಲ್ಲ.”

ಒಂಬತ್ತು ವರ್ಷ ಒಂದೇ ಸೂರಿನಡಿ ಚಹಾ ಕುಡಿದಿದ್ದರೂ ಈ ಮಾತು ಅವರು ನನಗೆ ಹೇಳಿರಲಿಲ್ಲ.

ಊರು ಮುಟ್ಟಿದಾಗ ಹನ್ನೊಂದೂವರೆ. ಹಾಳೆ ಅಂಗನವಾಡಿಯ ಗೋಡೆಯ ಮೇಲಿತ್ತು, ನಾಲ್ಕೂ ಮೂಲೆಗೆ ಟೇಪು ಹಚ್ಚಿ ನೀಟಾಗಿ ಅಂಟಿಸಿದ್ದರು. ಊರಿಗೆ ನೀರು ಬಿಡುವ ಮನುಷ್ಯ ಬಂದರು. ಐವತ್ತರ ಆಸುಪಾಸಿನವರು, ಹೆಗಲ ಮೇಲೆ ಟವೆಲು. ನಾನು ಟೇಪು ಕೀಳುವುದನ್ನು ನೋಡುತ್ತ ನಿಂತರು.

“ಏನ್ರಿ ಅಕ್ಕಾರ, ಹೋದ ವಾರ ಛಲೋ ಅದ ಅಂತ ಬರದ ಕಳಸೀರಿ, ಇವತ್ತ ಕಿತಗೊಂಡ ಹೊಂಟೀರಿ.”

“ನಮ್ಮಿಂದ ತಪ್ಪ ಆಗ್ಯದ್ರಿ. ನಿಮ್ಮ ಬಾವಿ ನೀರು ಪೂರಾ ತಪಾಸ ಆಗಿಲ್ಲ. ಕಾಗದ ಸುಳ್ಳ ಬಂದದ.”

“ಅಂದ್ರ ನೀರ ಕೆಟ್ಟದೇನು?”

“ಗೊತ್ತಿಲ್ರಿ.”

ಅವರು ಸಿಟ್ಟು ಮಾಡಲಿಲ್ಲ. “ಗೊತ್ತಿಲ್ಲ ಅಂತನ ಬರಿಯೂದಿತ್ತಲ್ರಿ ಮತ್ತ,” ಎಂದರು.

ಅವರು ಹೇಳಿದ್ದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು ಎನಿಸಿತು.

ಅಂಗನವಾಡಿಯ ಕಾರ್ಯಕರ್ತೆಯನ್ನು ಕೇಳಿದೆವು. ಬಾಟಲಿ ಹಾಲಿನ ಕೂಸುಗಳು ಊರಲ್ಲಿ ಎರಡಿದ್ದವು. ಎರಡೂ ಮನೆಗೆ ಆಕೆಯೇ ನಮ್ಮನ್ನು ಕರೆದುಕೊಂಡು ಹೋದಳು. ಕೂಸುಗಳು ಚೆನ್ನಾಗಿದ್ದವು. ಒಂದು ತೊಟ್ಟಿಲಲ್ಲಿ ಮಲಗಿತ್ತು, ಇನ್ನೊಂದು ಅಜ್ಜಿಯ ಕಾಲ ಮೇಲೆ ಎಣ್ಣೆ ಹಚ್ಚಿಸಿಕೊಳ್ಳುತ್ತಿತ್ತು. ಅಕ್ಕ ಎರಡನ್ನೂ ಎತ್ತಿಕೊಂಡು ತುಟಿ, ಉಗುರು ನೀಲಿಗಟ್ಟಿವೆಯೇ ಎಂದು ನೋಡಿದರು. ಅಣೆಕಟ್ಟಿನ ನೀರಿನ ನಳ ಎರಡು ದಿನಕ್ಕೊಮ್ಮೆ ಬರುತ್ತದೆ, ನಾವು ಹೇಳುವವರೆಗೆ ಹಾಲು ಕಲಸಲು ಆ ನೀರೇ ಬಳಸಿರಿ ಎಂದು ತಿಳಿಸಿದೆವು. ಯಾಕೆ ಎಂದು ಕೇಳಿದವರಿಗೆ ನಾನೇ ಉತ್ತರ ಕೊಟ್ಟೆ. ಮೊದಲ ಮನೆಯಲ್ಲಿ ಕಷ್ಟವಾಯಿತು, ಎರಡನೆಯದರಲ್ಲಿ ಸ್ವಲ್ಪ ಸುಲಭವಾಯಿತು.

ಆಮೇಲೆ ಬಾವಿ. ಅಕ್ಕ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಕುತ್ತಿಗೆಯವರೆಗೆ ತುಂಬಿ, ಮುಚ್ಚಳ ಬಿಗಿದು, ತಲೆಕೆಳಗೆ ಮಾಡಿ ನೋಡಿದರು. ಒಂದರ ಬದಲು ಮೂರು ಬಾಟಲಿ ತುಂಬಿದರು. ವಾಪಸು ಬರುವಾಗ ಐಸಿನ ಡಬ್ಬಿ ನನ್ನ ತೊಡೆಯ ಮೇಲಿತ್ತು. ಗಾಡಿ ತಗ್ಗಿಗೆ ಇಳಿದಾಗಲೆಲ್ಲ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ.

ಮರುದಿನ ಶನಿವಾರ ಬೆಳಿಗ್ಗೆ ಪರೀಕ್ಷೆ. ಪರೀಕ್ಷೆಯ ಕೋಣೆಗೆ ಸುಮ್ಮನೆ ಹೋಗಿ ನಿಲ್ಲುವುದು ನಮ್ಮಲ್ಲಿ ರೂಢಿಯಿಲ್ಲ, ನಾನು ಬಾಗಿಲಲ್ಲೇ ನಿಂತೆ. ಅಕ್ಕ ಮೊದಲು ಅಂಕಿ ಗೊತ್ತಿರುವ ನೀರನ್ನು ಇಟ್ಟು ಯಂತ್ರ ಸರಿ ಇದೆಯೇ ನೋಡಿದರು. ಆಮೇಲೆ ಮೂರೂ ಬಾಟಲಿ, ಒಂದಾದ ಮೇಲೊಂದು. ಒಂದೊಂದನ್ನೂ ಎರಡು ಸಲ. ವಹಿಯಲ್ಲಿ ಬರೆದು ಮುಗಿಸುವವರೆಗೆ ತಲೆ ಎತ್ತಲಿಲ್ಲ.

“ಮೂವತ್ತೊಂದು,” ಎಂದರು. “ಮೂರೂ ಅಲ್ಲೇ ಬಂದಾವ. ಕುಡಿಯಾಕ ಹರಕತ್ತಿಲ್ಲ.”

ನಾನು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತೆ. ಎದುರಿನ ಗೋಡೆಯ ಮೇಲೆ ಯಾರದೋ ಚಾದರು ಒಣಗುತ್ತಿತ್ತು. ಅದನ್ನೇ ಎಷ್ಟು ಹೊತ್ತು ನೋಡಿದೆನೋ. ಆಮೇಲೆ ನೀರು ಬಿಡುವವರಿಗೆ ಫೋನ್ ಮಾಡಿದೆ.

“ಹಂಗಾರ ಕುಡೀಬಹುದು?”

“ಕುಡೀಬಹುದ್ರಿ. ಈ ಸಲ ಖರೇನ ತಪಾಸ ಆಗ್ಯದ.”

“ಮತ್ತ ಕಾಗದ ಕಳಸ್ರಿ. ಗ್ವಾಡಿ ಬೋಳ ಕಾಣಾಕತ್ತದ,” ಎಂದರು.

ನೀರು ಸರಿ ಇದ್ದದ್ದು ನಮ್ಮ ಪುಣ್ಯ, ನಮ್ಮ ಕೆಲಸದ ಫಲವಲ್ಲ. ಅದು ಗೊತ್ತಿದ್ದುದರಿಂದ ಸೋಮವಾರ ಇಡೀ ದಿನ ಹಳೆಯ ಸಾಲುಗಳನ್ನು ಹುಡುಕಿದೆ. ನೈಟ್ರೇಟ್ ಖಾಲಿ ಇದ್ದೂ ‘ಯೋಗ್ಯ’ ಎಂದು ಹಾಳೆ ಹೋದವು ಇನ್ನೂ ಎರಡು ಸಿಕ್ಕವು, ಎರಡೂ ಕೆಲವು ವರ್ಷ ಹಿಂದಿನವು. ಆ ಬಾವಿಗಳ ನೀರು ಮುಂದಿನ ಹಂಗಾಮಿನಲ್ಲಿ ಮತ್ತೆ ಬಂದು ಪರೀಕ್ಷೆಯಾಗಿತ್ತು, ಮಿತಿಯೊಳಗೇ ಇತ್ತು. ಆದರೂ ಎರಡೂ ಊರಿಗೆ ತಪ್ಪೊಪ್ಪಿಕೊಂಡು ಪತ್ರ ಬರೆದೆ. ಸಾಹೇಬರು ಸಹಿ ಹಾಕಿದರು. ಹೊಸ ಪ್ರೋಗ್ರಾಂ ಬರುವವರೆಗೆ ಪ್ರತಿ ಹಾಳೆಯನ್ನೂ ಅಕ್ಕನ ವಹಿಯ ಜೊತೆ ಹೋಲಿಸಿಯೇ ಕಳಿಸಿದೆವು.

ಭಾಷೆ ಆರಿಸುವ ಕೆಲಸ ನನಗೆ ನಿಜವಾಗಿ ಶುರುವಾದದ್ದು ಆಮೇಲೆ. ವಿಡಿಯೋ ನೋಡುವುದನ್ನು ಬಿಟ್ಟೆ. ಒಂದೇ ಚಿಕ್ಕ ಕೆಲಸವನ್ನು ಮೂರೂ ಭಾಷೆಯಲ್ಲಿ ಬರೆದೆ: ಐದು ಊರು, ಐದು ನೈಟ್ರೇಟ್ ಅಂಕಿ, ಯೋಗ್ಯವೋ ಅಯೋಗ್ಯವೋ ಎಂದು ಒಂದು ಸಾಲು. ಪರ್ಲಿನದಕ್ಕೆ ಪುಣೆಯವರ ಹಳೆಯ ಸಾಲುಗಳನ್ನೇ ಎತ್ತಿಕೊಂಡೆ. ಪೈಥಾನಿನದಕ್ಕೆ ಚಿಕ್ಕಪ್ಪನ ಮಗಳು ಸಹಾಯ ಮಾಡಿದಳು. ಮೂರನೆಯ ಊರಿನ ಅಂಕಿಯನ್ನು ಬೇಕೆಂದೇ ಖಾಲಿ ಬಿಟ್ಟೆ.

ಪರ್ಲು ಖಾಲಿಯನ್ನು ಸೊನ್ನೆ ಮಾಡಿ ‘ಯೋಗ್ಯ’ ಎಂದಿತು. ಎಚ್ಚರಿಕೆ ಕೊಡು ಎಂದು ಮೇಲೆ ಒಂದು ಸಾಲು ಸೇರಿಸಿದಾಗ ಪರದೆಯ ಮೇಲೆ ಒಂದು ಮಾತು ಗೊಣಗಿತು, ಆದರೆ ‘ಯೋಗ್ಯ’ ಎನ್ನುವುದನ್ನು ಬಿಡಲಿಲ್ಲ. ನಾನು ಕಲಿತ ಪಿಎಚ್‌ಪಿ ಗೊಣಗಲೂ ಇಲ್ಲ. ಪೈಥಾನು ಎರಡು ಊರು ಬರೆದು ಮೂರನೆಯದಕ್ಕೆ ನಿಂತುಬಿಟ್ಟಿತು. ಇಷ್ಟನೆಯ ಸಾಲಿನಲ್ಲಿ ಏನೂ ಇಲ್ಲದ್ದನ್ನು ಒಂದು ಅಂಕಿಯ ಜೊತೆ ಹೋಲಿಸಲು ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿತು. ಮುಂದೆ ಹೋಗಲಿಲ್ಲ.

ಪುಣೆಯವರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ.

“ತಪ್ಪು ಭಾಷಾದ್ದಲ್ರಿ, ನಂದು,” ಎಂದರು. “ಖಾಲಿ ಅದ ಏನು ಅಂತ ಒಂದ ಸಾಲ ಕೇಳಬೇಕಾಗಿತ್ತು. ಯಾವ ಭಾಷಾದಾಗಾದರೂ ಕೇಳಬಹುದು. ನಾ ಕೇಳಲಿಲ್ಲ.”

ಅವರು ಹೇಳಿದ್ದು ನಿಜ. ಇನ್ನೊಬ್ಬರಾಗಿದ್ದರೆ ಹನ್ನೊಂದು ವರ್ಷ ನಡೆದದ್ದನ್ನೇ ಮತ್ತೆ ಎತ್ತಿ ಆಡುತ್ತಿದ್ದರು. ಅವರ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಹೋಯಿತು. ಆದರೆ ಆ ಸಾಲು ಬರೆಯುವುದನ್ನು ನಾನೂ ಒಂದು ದಿನ ಮರೆಯಬಹುದು. ಮರೆತ ದಿನ ನಿಲ್ಲುವ ಭಾಷೆ ನನಗೆ ಬೇಕಾಗಿತ್ತು.

ಸಾಹೇಬರಿಗೆ ನಿಲ್ಲುವ ಮಾತೇ ಹಿಡಿಸಲಿಲ್ಲ. “ನಿಂತ ಬಿಡೂ ಪ್ರೋಗ್ರಾಂ ತಗೊಂಡ ನಾ ಏನ ಮಾಡ್ಲಿ? ಶುಕ್ರವಾರ ಎಲ್ಲಾ ಊರಿನ ರಿಪೋರ್ಟ್ ಹೋಗಬೇಕು.”

ಅಕ್ಕ ಚಹಾದ ಕಪ್ಪು ಕೆಳಗಿಟ್ಟರು. “ಸಾಹೇಬ್ರ, ಬಾಟ್ಲಿ ಖಾಲಿ ಬಂದರ ನಾನೂ ನಿಂದ್ರತೀನಲ್ರಿ. ಅಂಕಿ ಕಟ್ಟಿ ಕೊಡತೀನೇನು?”

ಸಾಹೇಬರು ನಕ್ಕುಬಿಟ್ಟರು. ಕೊನೆಗೆ ಒಂದು ದಾರಿ ಹುಡುಕಿದೆವು. ಅಂಕಿ ಪೂರ್ತಿ ಇರುವ ಊರುಗಳ ಹಾಳೆ ಬರಲಿ. ಖಾಲಿ ಇರುವುದಕ್ಕೆ ‘ತಪಾಸಣೆ ಆಗಿಲ್ಲ’ ಎಂಬ ಬೇರೆ ಹಾಳೆ ಹೋಗಲಿ. ನಾವು ಯೋಚಿಸದೆ ಬಿಟ್ಟದ್ದು ಏನಾದರೂ ಎದುರಾದರೆ ಮಾತ್ರ ಪ್ರೋಗ್ರಾಂ ನಿಲ್ಲಲಿ.

ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ಮೂರೂ ಪ್ರೋಗ್ರಾಮನ್ನು ಕಾಗದದ ಮೇಲೆ ಪ್ರಿಂಟು ತೆಗೆದು ಅಕ್ಕನ ಮುಂದಿಟ್ಟೆ. ಅವರು ಒಂದು ದಿನವೂ ಪ್ರೋಗ್ರಾಂ ಬರೆದವರಲ್ಲ. ಓದಿ ಏನು ತಿಳಿಯುತ್ತದೆ ಹೇಳಿ ಎಂದೆ.

ಮೊದಲೆರಡನ್ನು ಬೇಗ ಪಕ್ಕಕ್ಕಿಟ್ಟರು. “ಈ ಡಾಲರ್ ಎಲ್ಲಾ ಯಾಕ ಅವ? ನಾವೇನ ಅಮೆರಿಕಾಕ್ಕ ಕಳಸ್ತೀವೇನು?” ಮೂರನೆಯದರ ಮೇಲೆ ಬೆರಳಿಟ್ಟು ಒಂದೊಂದೇ ಶಬ್ದ ಓದಿದರು. “ಫಾರ್… ಪ್ರತಿ ಊರಿಗೆ. ಇಫ್ ನೈಟ್ರೇಟ್… ನಲವತ್ತೈದಕ್ಕಿಂತ ಹೆಚ್ಚ ಇದ್ದರ ಅಯೋಗ್ಯ ಬರಿ. ಎಲ್ಸ್… ಇಲ್ಲಾಂದ್ರ ಯೋಗ್ಯ.” ತಲೆ ಎತ್ತಿದರು. “ಈ ಸಾಲು ಯಾಕ ಒಳಗ ಸರದಾವ?”

“ಮ್ಯಾಲಿನ ಸಾಲಿನ ಕೈಕೆಳಗಿನ ಕೆಲಸ ಅವು ಅಕ್ಕಾ. ಅದು ಹೌದಂದ್ರ ಮಾತ್ರ ಇವು ನಡೀತಾವ.”

“ವಹಿಯೊಳಗ ನಾನೂ ಹಿಂಗ ಬರೀತೀನಿ,” ಎಂದು ಇನ್ನೊಮ್ಮೆ ಓದಿದರು. ಆಮೇಲೆ, “ಮತ್ತ ಖಾಲಿ ಇದ್ದರ ಏನು ಅಂತ ಎಲ್ಲಿ ಬರದದ?” ಎಂದು ಕೇಳಿದರು.

ಬರೆದಿರಲಿಲ್ಲ. ನಾನಿನ್ನೂ ಆ ಸಾಲು ಹಾಕಿರಲಿಲ್ಲ. ಅದನ್ನು ಅವರು ಎರಡನೆಯ ಓದಿಗೇ ಹಿಡಿದರು. ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಅವತ್ತೇ ಸಾಹೇಬರಿಗೆ ಪೈಥಾನ್ ಎಂದು ಹೇಳಿದೆ.

ಬರೆಯುವುದೇನೂ ಸುಲಭವಾಗಲಿಲ್ಲ. ಪುಸ್ತಕದ ಪುಟಗಳನ್ನು ಪ್ರಿಂಟು ತೆಗೆದು ಬಸ್ಸಿನಲ್ಲಿ ಓದಿದೆ. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಯಾವ ಪರೀಕ್ಷೆಗೆ ಕಟ್ಟಿದ್ದೀ ಎಂದು ಕೇಳಿದಳು. ಹಾಳೆಯ ಮೇಲೆ ಮರಾಠಿ ಅಕ್ಷರ ಕೆಟ್ಟು ಬರುತ್ತಿದ್ದವು, ಕಾನಾ ಮಾತ್ರೆ ಎಂಬ ಸ್ವರಚಿಹ್ನೆಗಳು ಅಕ್ಷರ ಬಿಟ್ಟು ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದವು. ಅದಕ್ಕೇ ಒಂದು ವಾರ ಹೋಯಿತು. ಮುಗಿದ ಮೇಲೆ ನಾಲ್ಕು ಶುಕ್ರವಾರ ಹಳೆಯದನ್ನೂ ಹೊಸದನ್ನೂ ಕೂಡಿಯೇ ಓಡಿಸಿ, ಅಕ್ಕ ಒಂದು ಹಾಳೆ ಹಿಡಿದು, ನಾನೊಂದು ಹಿಡಿದು, ಅಂಕಿಗೆ ಅಂಕಿ ಕೂಗಿ ನೋಡಿದೆವು. ಐದನೆಯ ಶುಕ್ರವಾರ ಹಳೆಯದನ್ನು ಓಡಿಸಲಿಲ್ಲ.

ಆ ಚಳಿಗಾಲದಲ್ಲಿ ಅಕ್ಕಲಕೋಟದಲ್ಲಿರುವ ನಮ್ಮ ಅಣ್ಣನ ಮಗಳ ಬಾರಸ ಬಂತು, ಕೂಸಿಗೆ ಹೆಸರಿಡುವ ದಿನ. ಅದೂ ಶುಕ್ರವಾರವೇ. ನಾನು ಸೋದರತ್ತೆ, ಹೋಗದೆ ಇರುವಂತಿಲ್ಲ. ನೌಕರಿಗೆ ಸೇರಿದಾಗಿನಿಂದ ಶುಕ್ರವಾರ ರಜೆ ಹಾಕಿದವಳಲ್ಲ. ಅಕ್ಕನಿಗೆ ಎಲ್ಲ ತೋರಿಸಿ ಕೊಟ್ಟಿದ್ದೆ. ಆದರೂ ಕೂಸನ್ನು ತೊಟ್ಟಿಲಿಗೆ ಹಾಕುವಾಗ, ಕಿವಿಯಲ್ಲಿ ಹೆಸರು ಹೇಳುವಾಗ, ನನ್ನ ಕೈ ಮಾತ್ರ ಪರ್ಸಿನೊಳಗಿನ ಫೋನಿನ ಮೇಲಿತ್ತು. ಅತ್ತಿಗೆ ನೋಡಿ ನಕ್ಕರು.

ಒಂದು ಗಂಟೆಗೆ ಫೋನು ಬಂತು. ಅಂಗಳಕ್ಕೆ ಬಂದು ಎತ್ತಿದೆ.

“ತಂಗಿ, ನಿಂತಿತ್ತು ನೋಡು.”

“ಯಾವ ಸಾಲಿಗ್ರಿ?”

“ನೀ ಗಾಬರಿ ಆಗಬ್ಯಾಡ. ಓದಿದೆ. ಒಂದ ಊರಿನ ಹೆಸರ ಪಟ್ಟಿಯೊಳಗ ಇದ್ದಿಲ್ಲ, ಹೊಸಾ ಊರು. ಪಟ್ಟಿಗೆ ಹಾಕಿ ಮತ್ತ ಓಡಿಸಿದೆ. ಎಲ್ಲಾ ಬಂದಾವ, ಕಳಿಸಿನೂ ಆತು.” ಸ್ವಲ್ಪ ತಡೆದು, “ಇನ್ನೊಂದ ಮಾಡೀನಿ. ಬಯ್ಯಬ್ಯಾಡ,” ಎಂದರು.

“ಏನ್ರಿ?”

“ಆ ‘ತಪಾಸಣೆ ಆಗಿಲ್ಲ’ ಅಂತ ಬರತದಲಾ, ಅಷ್ಟ ಓದಿ ಮಂದಿ ಏನ ತಿಳಕೋಬೇಕು? ಅದರ ಮುಂದ ‘ವರದಿ ಬರೂ ತನಕಾ ಈ ನೀರು ಸಣ್ಣ ಕೂಸಿಗೆ ಕೊಡಬೇಡಿ’ ಅಂತ ಮರಾಠಿಯೊಳಗ ಸೇರಿಸೀನಿ. ಮೊದಲಿಂದು ನಕಲ ಮಾಡಿ ಇಟ್ಟೇ ಕೈ ಹಚ್ಚೀನಿ.”

“ಓಡತೇನ್ರಿ?”

“ಮೊದಲನೇ ಸಲ ಓಡಲಿಲ್ಲ. ಒಂದ ಉದ್ಧರಣ ಚಿಹ್ನೆ ಬಿಟ್ಟಿದ್ದೆ. ಎಲ್ಲಿ ಬಿಟ್ಟೀನಿ ಅಂತ ಅದ ಹೇಳತು.” ಅವರ ದನಿಯಲ್ಲಿ ನಾನು ಹಿಂದೆ ಕೇಳದ ಒಂದು ಖುಷಿ ಇತ್ತು. “ನೀ ಉಂಡಿಯಿಲ್ಲೋ? ಮೊದಲ ಉಣ್ಣ ಹೋಗು.”

ಒಳಗೆ ಹೋಗಿ ಫೋನನ್ನು ಪರ್ಸಿಗೆ ಹಾಕಿ, ಪರ್ಸನ್ನು ಅತ್ತಿಗೆಯ ಕಪಾಟಿನಲ್ಲಿಟ್ಟೆ. ಪಂಕ್ತಿಯಲ್ಲಿ ಕೂತು ಎರಡು ಸಲ ಹಾಕಿಸಿಕೊಂಡು ಉಂಡೆ. ಆಮೇಲೆ ಹೆಂಗಸರು ಕೂಸಿನ ಮುಖ ಯಾರ ಹಾಗಿದೆ ಎಂದು ಮಾತಾಡುತ್ತಿದ್ದ ಕೋಣೆಯಲ್ಲೇ ಗೋಡೆ ಬದಿಗೆ ಚಾಪೆ ಹಾಸಿಕೊಂಡು ಮಲಗಿದೆ. ಅಷ್ಟು ಗದ್ದಲದಲ್ಲೂ ನಿದ್ದೆ ಬಂತು. ನಾಲ್ಕೂವರೆಗೆ ಅಣ್ಣ ಚಹಾ ತಂದು ಎಬ್ಬಿಸಿದ.